ಹೋಗಿ ಬರ್ರಿ

ನಮ್ಮ ಕಡೆ ಯಾರೂ ಹೋಗುವುದಿಲ್ಲ, ಎಲ್ಲರೂ ಬರುತ್ತಾರೆ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊಸ್ತಿಲು ದಾಟುವವನು 'ಬರ್ತೀನಿ' ಅನ್ನುತ್ತಾನೆ. ಮದುವೆ ಊಟ ಮುಗಿಸಿ ಎಲೆ ಅಡಿಕೆ ಜಗಿಯುತ್ತ ಬಸ್ಸಿಗೆ ಓಡುವವರು 'ಬರ್ತೀವಿ' ಅನ್ನುತ್ತಾರೆ. ಇನ್ನು ನಿಮ್ಮ ಮನೆ ಮೆಟ್ಟಿಲು ತುಳಿದರೆ ಕೇಳಿ ಎಂದು ಕೂಗಾಡಿದ ಬೀಗರು ಸಹ ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಯಿತಪ್ಪಿ 'ಬರ್ತೀವಿ' ಅಂದುಬಿಡುತ್ತಾರೆ. ಒಳಗಿದ್ದವರು ಅದಕ್ಕೆ 'ಹೋಗಿ ಬರ್ರಿ' ಅನ್ನಬೇಕು. ಬರೀ 'ಹೋಗು' ಅಂದರೆ ಅದು ಶಾಪ. ಈ ಮಾತು ಆಡಬಾರದ ಜಾಗ ಒಂದೇ, ಸಾವಿನ ಮನೆ. ಅಲ್ಲಿಂದ ಏಳುವವರು ಮಾತಿಲ್ಲದೆ ಎದ್ದು ಹೋಗುತ್ತಾರೆ, ಕೂತವರು ಮಾತಿಲ್ಲದೆ ಕೂತಿರುತ್ತಾರೆ. ಹೆಣಕ್ಕಂತೂ ಯಾರೂ ಏನೂ ಹೇಳುವುದಿಲ್ಲ. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಿದ್ದಲ್ಲ, ಆದರೂ ಎಲ್ಲರಿಗೂ ಗೊತ್ತು.

ಶಾಂತಕುಮಾರಿಗೂ ಗೊತ್ತಿತ್ತು. ಆದರೆ ಆ ದಿನ ಅವಳ ತಲೆಯೊಳಗೆ ಏನೂ ಇರಲಿಲ್ಲ.

ಅವಳ ಗಂಡ ಕಲ್ಲೇಶ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಬೆಳಿಗ್ಗೆ ಬಟ್ಟೆಯ ಥಾನು ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಅದೇ ಟೇಬಲ್ಲಿನ ಮೇಲೆ ಮಲಗಿದ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅವನನ್ನು ಮನೆಯ ಗೋಡೆಗೆ ಒರಗಿಸಿ, ಲಿಂಗಾಯತರ ಪದ್ಧತಿಯಂತೆ ಚಕ್ಕಳಮಕ್ಕಳ ಕೂರಿಸಿದ್ದರು. ಹಣೆ, ತೋಳು, ಎದೆಗೆಲ್ಲ ವಿಭೂತಿ. ಕೊರಳಲ್ಲಿ ರುದ್ರಾಕ್ಷಿ, ತಲೆಯ ಮೇಲೆ ಬಿಲ್ವಪತ್ರೆ. ಮಠದ ಅಯ್ಯನವರು ಅವನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿ ಮುಚ್ಚಿದರು. ಕಲ್ಲೇಶ ಅರೆಗಣ್ಣು ಮುಚ್ಚಿಕೊಂಡು ಟಿವಿ ಮುಂದೆ ತೂಕಡಿಸುವವನ ಹಾಗೆ ಕೂತಿದ್ದ.

ಹೆಂಗಸರೆಲ್ಲ ಅತ್ತರು. ಶಾಂತಕುಮಾರಿಗೆ ಅಳು ಬರಲಿಲ್ಲ. ಬರಬೇಕು ಅನ್ನುವುದು ಗೊತ್ತಿತ್ತು, ನೆಂಟರು ತನ್ನ ಮುಖವನ್ನೇ ನೋಡುತ್ತಿದ್ದಾರೆ ಅನ್ನುವುದೂ ಗೊತ್ತಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು, ಬೆಳಿಗ್ಗೆ ನೆನೆಹಾಕಿದ ಬೇಳೆ ಹಾಗೇ ಉಳಿಯಿತಲ್ಲ ಎಂದು ಯೋಚಿಸುತ್ತಿದ್ದಳು. ಭಜನೆ ಶುರುವಾಯಿತು, ಗಂಡಸರು ಅವನನ್ನು ಕೂರಿಸಿದ ಹೂವಿನ ಕುರ್ಚಿಯನ್ನು ಹೆಗಲಿಗೆ ಎತ್ತಿದರು. ಹೊಸ್ತಿಲು ದಾಟುವಾಗ ಕುರ್ಚಿ ವಾಲಿತು, ಕಲ್ಲೇಶನ ತಲೆ ಅವಳತ್ತ ತಿರುಗಿತು. ದಿನಾ ಬೆಳಿಗ್ಗೆ ಅದೇ ಜಾಗದಲ್ಲಿ ಅವನು ಅವಳ ಕಡೆ ತಿರುಗುತ್ತಿದ್ದದ್ದು. ಮದುವೆಯಾದಾಗಿನಿಂದ ಆ ಜಾಗದಲ್ಲಿ ಒಂದೇ ಮಾತಾಡಿ ಅಭ್ಯಾಸವಾದ ಅವಳ ನಾಲಿಗೆ ಅದನ್ನೇ ಆಡಿತು.

"ಹೋಗಿ ಬರ್ರಿ."

ಅತ್ತೆ ಶಂಕ್ರಮ್ಮ ಓಡಿ ಬಂದು ಸೊಸೆಯ ಬಾಯಿ ಮುಚ್ಚಿದಳು. ಅಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು. ಹೊತ್ತವರು ನಿಂತರು. ಭಜನೆಯ ತಾಳ ತಪ್ಪಿತು. ಅಯ್ಯನವರೊಬ್ಬರೇ ಧೈರ್ಯವಾಗಿದ್ದು, ಲಿಂಗೈಕ್ಯರಾದವರಿಗೆ ದೆವ್ವ ಭೂತ ಅನ್ನುವುದಿಲ್ಲ, ನಡೀರಿ ನಡೀರಿ ಎಂದು ಎಲ್ಲರನ್ನೂ ಮುಂದೆ ಸಾಗಿಸಿದರು. ಯಾವ ಭರವಸೆಯ ಮೇಲೆ ಹಾಗಂದರೋ ಅವರಿಗೇ ಗೊತ್ತು. ಗುಡ್ಡದ ಬುಡದ ರುದ್ರಭೂಮಿಯಲ್ಲಿ ಕಲ್ಲೇಶನನ್ನು ಗೂಡಿನೊಳಗೆ ಕೂರಿಸಿ, ಕೊರಳ ತನಕ ವಿಭೂತಿ ತುಂಬಿಸಿ, ಮಣ್ಣು ಮುಚ್ಚಿ ಬಂದರು.

ಕಲ್ಲೇಶನ ಹೆಸರಿನ ಶಿವಗಣಾರಾಧನೆಯ ಊಟ ಮುಗಿದು, ನೆಂಟರೆಲ್ಲ ಮಾತಿಲ್ಲದೆ ಎದ್ದು ಹೋದ ಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವನು ಬಂದ.

ಶಾಂತಕುಮಾರಿ ಹಗಲು ಯೂನಿಟ್ಟಿನಲ್ಲಿ ಹೊಲಿಯುತ್ತಿದ್ದಳು, ಸಂಜೆ ಮನೆಯ ಪಡಸಾಲೆಯಲ್ಲಿದ್ದ ಮಿಷಿನ್ನಿನ ಮೇಲೆ ಪ್ಯಾಂಟಿನ ಹಿಂದಿನ ಜೇಬು ಕೂಡಿಸುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತೆಂದು ತಲೆ ಎತ್ತಿದರೆ ಕಲ್ಲೇಶ ತಲೆ ತಗ್ಗಿಸಿ ಒಳಗೆ ಬರುತ್ತಿದ್ದಾನೆ. ಬಹಳ ಹೊತ್ತು ಚಕ್ಕಳಮಕ್ಕಳ ಕೂತು ಎದ್ದವನಿಗೆ ಆಗುವಂತೆ ಮೊಣಕಾಲು ನೆಟ್ಟಗಾಗುತ್ತಿರಲಿಲ್ಲ. ಮೈಯೆಲ್ಲ ವಿಭೂತಿ ಹೆಪ್ಪುಗಟ್ಟಿತ್ತು, ಕೂದಲಲ್ಲಿ ಒಣಗಿದ ಬಿಲ್ವದ ಎಲೆ ಸಿಕ್ಕಿಕೊಂಡಿತ್ತು. ಎಡಗೈ ಮುಷ್ಟಿ ಹಾಗೇ ಮುಚ್ಚಿತ್ತು. ದಿನಾ ಕೂರುತ್ತಿದ್ದ ಮಂಚದ ತುದಿಯಲ್ಲೇ ಕೂತ.

ಹೆದರಿಕೆಯಾಗಬೇಕು ಅಂದುಕೊಂಡಳು. ಸ್ವಲ್ಪ ಹೊತ್ತು ಕಾದಳು, ಹೆದರಿಕೆ ಬರಲಿಲ್ಲ. ಮತ್ತೇನು ಮಾಡುವುದು, ಎದ್ದು ನೀರು ತಂದುಕೊಟ್ಟಳು. ಅವನು ಲೋಟ ಹಿಡಿದುಕೊಂಡು ನೋಡಿದ, ಕುಡಿಯಲಿಲ್ಲ. ರೊಟ್ಟಿ ಪಲ್ಯ ಇಟ್ಟಳು, ಮುಟ್ಟಲಿಲ್ಲ. ಸರಿ ಎಂದು ಮತ್ತೆ ಮಿಷಿನ್ನಿಗೆ ಕೂತಳು. ಕಣ್ಣು ಅವನ ಮೇಲಿತ್ತೋ ಏನೋ, ಸೂಜಿ ತೋರುಬೆರಳಿಗೆ ಇಳಿಯಿತು.

ಬದುಕಿದ್ದಾಗ ಕಲ್ಲೇಶನದೊಂದು ಚಾಳಿಯಿತ್ತು. ಅವಳ ಬೆರಳಿಗೆ ಸೂಜಿ ಚುಚ್ಚಿದರೆ ಸಾಕು, ಎಲ್ಲಿದ್ದರೂ ಬಂದು, ಕಣ್ಣು ಎಲ್ಲಿಟ್ಟಿರ್ತಿ ಎಂದು ಬೈಯುತ್ತ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳು ಅದಕ್ಕೆಂದೇ ಒಮ್ಮೊಮ್ಮೆ ಬೇಕೆಂತಲೇ ಚುಚ್ಚಿಕೊಂಡದ್ದೂ ಉಂಟು. ಈಗಲೂ ಅವನು ಎದ್ದು ಬಂದ. ಬೈಯಲಿಲ್ಲ. ಬೆರಳು ಹಿಡಿದು ಬಾಯಿಗಿಟ್ಟುಕೊಂಡ. ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ, ಬಹಳ ಜೋಪಾನವಾಗಿ ಕುಡಿದ. ನಾಲಿಗೆ ಮಣ್ಣಿನ ಗಡಿಗೆಯಂತೆ ತಣ್ಣಗಿತ್ತು. ಅದು ತಾಗಿದಲ್ಲಿ ನೋವು ಹೋಯಿತು. ನೋವಿನ ಜೊತೆಗೆ ಬೆರಳೂ ಹೋಯಿತು. ಇದೆ, ಅಲ್ಲಾಡುತ್ತದೆ, ಆದರೆ ಜೋಮು ಹಿಡಿದ ಕಾಲಿನ ಹಾಗೆ ಇನ್ನೊಬ್ಬರದ್ದು ಅನ್ನಿಸುತ್ತದೆ.

ಆಮೇಲೆ ಅವನು ಹೊಸ್ತಿಲ ತನಕ ಹೋಗಿ ತಿರುಗಿ ನಿಂತ.

"ಬರ್ಲ್ಯಾ?" ಅಂದ.

ಅವಳ ಮುಖ ನೋಡುತ್ತಲೇ ನಿಂತ. ಮಾತು ಸಿಗುವ ತನಕ ಇವನು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಆ ಮಾತಾಡಿದರೆ ನಾಳೆಯೂ ಬರುತ್ತಾನೆ ಎನ್ನುವುದೂ ಗೊತ್ತಾಯಿತು. ಎರಡೂ ಗೊತ್ತಿದ್ದು 'ಹೋಗಿ ಬರ್ರಿ' ಅಂದಳು. ಅವನು ತಲೆ ತಗ್ಗಿಸಿದ, ಇಳಿದು ಹೋದ.

ಒಳಬಾಗಿಲಲ್ಲಿ ಶಂಕ್ರಮ್ಮ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದಳು. ಗೀರಿದ ಕಡ್ಡಿ ಉರಿದು ಬೆರಳಿಗೆ ಬಂದಿದ್ದರೂ ಅವಳಿಗೆ ಅರಿವಿರಲಿಲ್ಲ.

"ಅವನೇ ಏನು?"

"ಹೌದ್ರಿ ಅತ್ತಿ."

"ಉಂಡು ಹೋದ್ನೇನು?"

ಶಾಂತಕುಮಾರಿ ತನ್ನ ಬೆರಳು ನೋಡಿಕೊಂಡು ಹ್ಞೂಂ ಅಂದಳು.

ಅಂದಿನಿಂದ ಅವನು ಸಂಜೆ ತಪ್ಪಿಸಲಿಲ್ಲ. ಶಂಕ್ರಮ್ಮ ದೀಪದ ಹೊತ್ತಿಗೆ ಮುಂಬಾಗಿಲು ತೆರೆದಿಟ್ಟು ತಾನು ಒಳಗೆ ಸೇರಿಕೊಳ್ಳುತ್ತಿದ್ದಳು. ಅವನು ಹೋದ ಮೇಲೆ ಹೊರಗೆ ಬಂದು ಅದೊಂದೇ ಮಾತು ಕೇಳುತ್ತಿದ್ದಳು, ಉಂಡನೇ ಎಂದು. ಸೊಸೆಗೆ ನುಗ್ಗೆಸೊಪ್ಪು, ಶೇಂಗಾ ಬೆಲ್ಲ, ಖರ್ಜೂರ, ಹಾಲು ಅಂತ ಒಂದಾದ ಮೇಲೊಂದು ತಿನ್ನಿಸುತ್ತಿದ್ದಳು, ಕರೆಯುವ ಎಮ್ಮೆಗೆ ಹಿಂಡಿ ಇಟ್ಟ ಹಾಗೆ. ಶಂಕ್ರಮ್ಮನನ್ನು ಕೆಟ್ಟವಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ಮಣ್ಣಿಗಿಟ್ಟ ಮಗ ನಡೆದು ಬಂದು ಪಡಸಾಲೆಯಲ್ಲಿ ಕೂತರೆ ಬಾಗಿಲು ಹಾಕಿಕೊಳ್ಳುವ ತಾಯಿ ಇದ್ದರೆ ಅವಳು ಮಾತಾಡಲಿ.

ಇನ್ನು ಶಾಂತಕುಮಾರಿ. ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿತವಾಗಿತ್ತು. ಜೋಮು ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಏರಿತು. ಅದು ಏರಿದ ಹಾಗೆಲ್ಲ ಮನೆಯಲ್ಲಿ ಚುಚ್ಚುವ ವಸ್ತುಗಳು ಕಡಿಮೆಯಾದವು. ಗೂಟಕ್ಕೆ ತೂಗುಹಾಕಿದ ಅವನ ಅಂಗಿ ಬರೀ ಅಂಗಿಯಾಯಿತು. ಬಾಗಿಲಾಚೆಯ ಅವನ ಚಪ್ಪಲಿ ಬರೀ ಚಪ್ಪಲಿಯಾಯಿತು. ಯೂನಿಟ್ಟಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಉಣ್ಣುತ್ತಿದ್ದಳು. ಬಿಸಿಯೋ ಖಾರವೋ ಗೊತ್ತಾಗುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅನಂತಪುರದ ಹಾಸ್ಟೆಲ್ಲಿನಲ್ಲಿದ್ದು ಇಂಟರ್ಮೀಡಿಯೆಟ್ ಓದುತ್ತಿದ್ದ ಮಗಳು ಸ್ವಪ್ನಾ ಒಂದು ದಿನ ಫೋನು ಮಾಡಿ, ಅಪ್ಪನ ನೆನಪಾಗಿ ನಿದ್ದೆ ಬರುತ್ತಿಲ್ಲವೆಂದು ಬಿಕ್ಕಿ ಬಿಕ್ಕಿ ಅತ್ತಳು. ಶಾಂತಕುಮಾರಿ ಫೋನು ಕಿವಿಗಿಟ್ಟುಕೊಂಡು ಕೇಳಿಸಿಕೊಂಡಳು. ಊಟ ಮಾಡಿ ಮಲಗು ಅಂದಳು. ಫೋನು ಇಟ್ಟ ಮೇಲೆ, ಮಗಳು ಅತ್ತಳಲ್ಲ ನನಗೇನೂ ಆಗಲಿಲ್ಲವಲ್ಲ ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದೂ ಹಾಗೇ ಹೋಯಿತು.

ಯೂನಿಟ್ಟಿನಲ್ಲಿ ಪಕ್ಕದ ಮಿಷಿನ್ನಿಗೆ ಕೂರುತ್ತಿದ್ದವಳು ವಿಜಯಲಕ್ಷ್ಮಿ. ಒಂದು ಮಧ್ಯಾಹ್ನ ಆಕೆ ಇದ್ದಕ್ಕಿದ್ದಂತೆ ಎದ್ದು ಶಾಂತಕುಮಾರಿಯ ಮಿಷಿನ್ನಿನ ಸ್ವಿಚ್ಚು ಆರಿಸಿದಳು. ಯಾಕೆಂದು ನೋಡಿದರೆ ಸೂಜಿ ಶಾಂತಕುಮಾರಿಯ ಹೆಬ್ಬೆರಳನ್ನೂ ಸೇರಿಸಿ ಜೇಬು ಹೊಲಿದಿತ್ತು. ಉಗುರಿನ ಮೇಲೆ ಹಳದಿ ದಾರದ ಹೊಲಿಗೆ ಸಾಲಾಗಿ ಬಿದ್ದಿತ್ತು. ಶಾಂತಕುಮಾರಿ ಅದನ್ನು ತಿರುಗಿಸಿ ನೋಡಿ, ಹೊಲಿಗೆ ನೆಟ್ಟಗೆ ಬಂದಿದೆ ಅಂದುಕೊಂಡಳು. ವಿಜಯಲಕ್ಷ್ಮಿ ಅತ್ತೇ ಬಿಟ್ಟಳು. ದಾರ ಕತ್ತರಿಸಿ ತೆಗೆದ ಡಾಕ್ಟರು, ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ ಎಂದು ಕಬ್ಬಿಣದಂಶದ ಮಾತ್ರೆ ಬರೆದುಕೊಟ್ಟು, ಸ್ವಲ್ಪ ದಿನ ತವರಿಗೆ ಹೋಗಿ ಆರಾಮ ಮಾಡಿರಿ ಅಂದರು. ಮಾತ್ರೆ ನುಂಗಿದಳು. ಮಾತ್ರೆಯಿಂದ ಊರಿದ್ದನ್ನೂ ಸಂಜೆ ಕಲ್ಲೇಶ ಕುಡಿದು ಹೋದ.

ಅದೇ ವಾರ ಇನ್ನೊಂದು ನಡೆಯಿತು. ಸಂಜೆ ಅವನು ಬೆರಳನ್ನು ಬಾಯಿಗಿಟ್ಟುಕೊಂಡರೆ ಏನೂ ಬರಲಿಲ್ಲ. ಬಹಳ ಹೊತ್ತಿಗೆ ಸ್ವಲ್ಪ ಬಂತು. ಅವನು ತಲೆ ಎತ್ತಿ ಮನೆಯನ್ನೆಲ್ಲ ಒಂದು ಸುತ್ತು ನೋಡಿದ. ಹಸಿದವನು ಅಡುಗೆಮನೆಯ ಡಬ್ಬಿಗಳನ್ನು ನೋಡುವ ನೋಟ ಅದು. ಗೋಡೆಯ ಮೇಲೆ ಸ್ವಪ್ನಾಳ ಫೋಟೋ ಇತ್ತು, ಶಾಲೆಯಲ್ಲಿ ಬಹುಮಾನ ತೆಗೆದುಕೊಳ್ಳುತ್ತಿರುವುದು. ಅದರ ಮುಂದೆ ಅವನ ಕಣ್ಣು ನಿಂತಿತು.

ಜೋಮು ಶಾಂತಕುಮಾರಿಯ ಎದೆಯ ತನಕ ಬಂದಿದ್ದರೂ ಒಳಗೆ ಎಲ್ಲೋ ಒಂದು ಬೊಟ್ಟಿನಷ್ಟು ಜಾಗ ಉಳಿದಿತ್ತು. ಅದು ಚುರುಕ್ ಅಂದಿತು. ಬರುವ ವಾರ ದಸರಾ ರಜೆ, ಸ್ವಪ್ನಾ ಮನೆಗೆ ಬರುವವಳು. ದೀಪ ಹಚ್ಚುವ ಹೊತ್ತಿಗೆ ಅವಳು ಈ ಪಡಸಾಲೆಯಲ್ಲಿ ಇರಬಾರದು. ತನ್ನದು ಏನಾದರೂ ಆಗಲಿ, ಅದೊಂದು ಆಗಬಾರದು. ಕೂಡಲೇ ಮಗಳಿಗೆ ಫೋನು ಮಾಡಿ ರಾಯದುರ್ಗಕ್ಕೆ ಬರಬೇಡ, ಮಡಕಶಿರಾ ಬಸ್ಸು ಹತ್ತಿ ನೇರವಾಗಿ ಅಗಳಿಗೆ ಬಾ, ನಾನೂ ಬರುತ್ತೇನೆ ಅಂದಳು. ಅಗಳಿ ಅವಳ ತವರು.

ಶಂಕ್ರಮ್ಮನಿಗೆ ಈ ಸುದ್ದಿ ಸೇರಲಿಲ್ಲ. ನೀನಿಲ್ಲದ ಮನೆಗೆ ಅವನು ಬಂದರೆ ಏನು ಗತಿ ಎಂದು ಕೇಳಿದಳು. ನೀವಿರ್ತೀರಲ್ಲ ಅತ್ತಿ ಎಂದರೆ ತಲೆ ಅಲ್ಲಾಡಿಸಿದಳು. ಒಂದು ಸಂಜೆ ಸೊಸೆ ಬಚ್ಚಲಲ್ಲಿದ್ದಾಗ ತಾನೇ ಹೋಗಿ ಅವನ ಮುಂದೆ ಕೈ ಚಾಚಿದ್ದಳಂತೆ. ಅವನು ಆ ಕೈ ದಾಟಿಕೊಂಡು ಹೋಗಿ ಮಿಷಿನ್ನಿನ ಹತ್ತಿರ ನಿಂತನಂತೆ.

"ನನ್ನ ಕಡಿ ತಿರುಗಿ ಸೈತ ನೋಡ್ಲಿಲ್ಲವ್ವ. ನಾ ಕರೀಲಿಲ್ಲಲ್ಲ. ಕರೀಬೇಕು ಅನ್ನಿಸ್ತೈತಿ, ಬಾಯಿ ಬರವಲ್ದು."

ಮರುದಿನ ಬೆಳಿಗ್ಗೆ ಶಾಂತಕುಮಾರಿ ಬ್ಯಾಗು ಹಿಡಿದು ಬರ್ತೀನ್ರಿ ಅಂದಳು. ಶಂಕ್ರಮ್ಮ ಹೋಗಿ ಬಾ ಅಂದಳು. ಎರಡು ಬಸ್ಸು ಬದಲಾಯಿಸಿ, ಮಡಕಶಿರಾದಲ್ಲಿ ಇಳಿದು, ಆಟೋ ಹತ್ತಿ ಅಗಳಿ ಮುಟ್ಟುವ ತನಕ ಕಿಟಕಿಯಾಚೆ ಬಂಡೆ, ಶೇಂಗಾ ಹೊಲ, ಮತ್ತೆ ಬಂಡೆ. ಅವನು ಬರುವುದು ಆ ಮನೆಯ ಹೊಸ್ತಿಲಿಗೆ, ಹೊಸ್ತಿಲು ಅಲ್ಲೇ ಉಳಿಯಿತು ಎಂದು ಅವಳು ಲೆಕ್ಕ ಹಾಕಿದ್ದಳು.

ಅಗಳಿಯಲ್ಲಿ ಅವಳ ದೊಡ್ಡಮ್ಮ ಸರ್ವಮಂಗಳಮ್ಮ ಇದ್ದಳು. ಶಾಂತಕುಮಾರಿಯ ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸಾಕಿ, ಬೈದು, ಮದುವೆ ಮಾಡಿಕೊಟ್ಟವಳು ಇವಳೇ. ಊರ ಚೌಡಮ್ಮನ ಗುಡಿಗೆ ದಿನಾ ಹೂ ಕಟ್ಟಿ ಕೊಡುವುದು ಅವಳ ಕೆಲಸ. ಬಾಗಿಲಲ್ಲೇ ಶಾಂತಕುಮಾರಿಯ ಕೈ ಹಿಡಿದವಳು ಹಿಡಿದ ಕೈಯನ್ನು ಬಿಡದೆ ಗಟ್ಟಿಯಾಗಿ ಚಿವುಟಿದಳು. ನೋಯುತ್ತಾ ಎಂದು ಕೇಳಿದಳು. ಶಾಂತಕುಮಾರಿ ಇಲ್ಲ ಅಂದಳು. ದೊಡ್ಡಮ್ಮ ಕಾಲಿಗೆ ನೀರು ಕೊಟ್ಟು ಒಳಗೆ ಕರೆದಳು.

ಆ ಸಂಜೆ ಯಾರೂ ಬರಲಿಲ್ಲ. ಮರುದಿನ ಸ್ವಪ್ನಾ ಬಂದಳು. ಸಂಜೆ ಓಣಿಯ ಹುಡುಗಿಯರ ಜೊತೆ ಗುಡಿಯ ದಸರಾ ಪೂಜೆಗೆ ಹೋದಳು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಲ್ಲೇಶ ಅಗಳಿಯ ಮನೆಯ ಬಾಗಿಲಲ್ಲಿ ನಿಂತಿದ್ದ.

ನಡೆದು ಬಂದಿದ್ದ. ಮೊಣಕಾಲ ತನಕ ಕೆಂಪು ಧೂಳು, ಹಿಮ್ಮಡಿ ಒಡೆದು ಬಾಯಿಬಿಟ್ಟಿತ್ತು, ಅದರಿಂದ ರಕ್ತ ಮಾತ್ರ ಬರುತ್ತಿರಲಿಲ್ಲ. ಬದುಕಿದ್ದಾಗ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆಯುವುದಕ್ಕೂ ಗೊಣಗುತ್ತಿದ್ದ ಮನುಷ್ಯ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವಳು ಬೆರಳು ಕೊಟ್ಟಳು. ಎಷ್ಟೋ ಹೊತ್ತಿಗೆ ಅವನಿಗೆ ನಾಲಿಗೆ ಒದ್ದೆಯಾಗುವಷ್ಟು ಸಿಕ್ಕಿತು. ಬರ್ಲ್ಯಾ ಎಂದು ಹೊಸ್ತಿಲಲ್ಲಿ ನಿಂತು ಅವಳ ಮುಖವನ್ನೇ ನೋಡಿದ. ಅವಳು ಹೋಗಿ ಬರ್ರಿ ಅಂದಳು. ತಲೆ ತಗ್ಗಿಸಿ ಇಳಿದು ಹೋದ.

ಸರ್ವಮಂಗಳಮ್ಮ ಮೂಲೆಯಲ್ಲಿ ಹೂ ಕಟ್ಟುತ್ತ ಎಲ್ಲವನ್ನೂ ನೋಡಿದ್ದಳು. ಕಿರುಚಲಿಲ್ಲ, ದೇವರನ್ನೂ ಕರೆಯಲಿಲ್ಲ. ದಾರ ಪಕ್ಕಕ್ಕಿಟ್ಟು, ಬಾ ಇಲ್ಲಿ ಎಂದು ಶಾಂತಕುಮಾರಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಕಥೆ ಹೇಳಿದಳು.

ಕಥೆಯ ಮೊದಲರ್ಧ ಎಲ್ಲರಿಗೂ ಗೊತ್ತಿರುವುದೇ. ರಕ್ತಬೀಜ ಅಂತ ರಾಕ್ಷಸ. ಅವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದರೂ ಅಲ್ಲೊಬ್ಬ ರಕ್ತಬೀಜ ಎದ್ದು ನಿಲ್ಲುತ್ತಿದ್ದ. ಕಡಿದಷ್ಟೂ ಹೆಚ್ಚಿದರು. ಕೊನೆಗೆ ಅಮ್ಮ ರಣರಂಗದ ಉದ್ದಗಲಕ್ಕೂ ನಾಲಿಗೆ ಹಾಸಿ, ಒಂದು ಹನಿಯೂ ನೆಲ ಮುಟ್ಟದ ಹಾಗೆ ಅಷ್ಟನ್ನೂ ಕುಡಿದಳು. ಪುರಾಣ ಓದುವವರು ಅಲ್ಲಿಗೆ ಮಂಗಳ ಹಾಡಿ ಎದ್ದುಬಿಡುತ್ತಾರೆ. ಉಳಿದರ್ಧ ಸರ್ವಮಂಗಳಮ್ಮನ ಅಜ್ಜಿಗೆ ಗೊತ್ತಿತ್ತು. ಒಂದು ಹನಿ ಅಮ್ಮನ ನಾಲಿಗೆ ತಪ್ಪಿಸಿಕೊಂಡಿತು. ಮಣ್ಣಿಗೆ ಬಿದ್ದಿದ್ದರೆ ರಾಕ್ಷಸನಾಗುತ್ತಿತ್ತು, ಅದು ಬಿದ್ದದ್ದು ಬಂಡೆಯ ಮೇಲೆ. ಬಂಡೆಯ ಮೇಲೆ ಏನು ಮೊಳೆಯುತ್ತದೆ? ಮೈ ಹುಟ್ಟಲಿಲ್ಲ. ಬರೀ ಬಾಯಾರಿಕೆ ಹುಟ್ಟಿತು. ನಮ್ಮ ಸೀಮೆಯಲ್ಲಿ ಬಂಡೆಗೇನು ಬರ, ರಾಯದುರ್ಗದ ಗುಡ್ಡದಿಂದ ಮಡಕಶಿರಾದ ಗುಡ್ಡದ ತನಕ ಅದೇ ಅಲ್ಲವೇ. ಆ ಬಾಯಾರಿಕೆ ಇನ್ನೂ ಬಂಡೆಗಳ ಸಂದಿಯಲ್ಲೇ ಇದೆ.

"ಅದುಕ್ಕೆ ಕಾಲಿಲ್ಲ ಕಣಮ್ಮ, ಅದೊಂದೇ ಬರೋಕಾಗಲ್ಲ. ಸತ್ತೋರ್ನ ಯಾರಾನ ಬಾ ಅಂದ್ರೆ, ಅವ್ರು ಎದ್ದು ಬರೋವಾಗ ಹೆಗ್ಲ ಮೇಲೆ ಹತ್ಕಂಡು ಕುಂತ್ಕಂತೈತೆ. ಬಂದಿರೋನು ನಿನ್ನ ಗಂಡನೇಯ. ಕುಡಿಯೋದು ಅವನಲ್ಲ."

ಶಾಂತಕುಮಾರಿಯ ನಾಲಿಗೆ ತವರಿಗೆ ಬಂದ ಕೂಡಲೇ ತವರಿನ ಮಾತಿಗೆ ಹೊರಳುತ್ತಿತ್ತು. "ಈಗ ಏನ್ ಮಾಡ್ಬೇಕು ದೊಡ್ಡಮ್ಮ?"

ಕತ್ತಿ ಕುಡುಗೋಲು ಮುಟ್ಟುವ ಹಾಗಿಲ್ಲವೆಂದಳು ದೊಡ್ಡಮ್ಮ. ಅವನ ಮೈಯಿಂದ ಒಂದು ಹನಿ ಮಣ್ಣಿಗೆ ಬಿದ್ದರೆ ಮೊದಲಿನ ಕಥೆಯೇ ಮತ್ತೆ ಶುರುವಾಗುತ್ತದೆ. ಮಂತ್ರ ತಾಯಿತ ಯಾವುದೂ ನಡೆಯುವುದಿಲ್ಲ. ಕರೆದವರೇ ಕಳಿಸಬೇಕು, ಬೇರೆ ಯಾರು ಅಂದರೂ ಅವನು ಕೇಳುವುದಿಲ್ಲ.

"ಹೋಗು ಅನ್ಬೇಕು. ಬರೀ ಹೋಗು. ಹಿಂದೆ ಬಾ ಅಂತ ಬಾಲ ಸೇರಿಸ್ಬಾರ್ದು."

"ಗಂಡನಿಗೆ ಹೆಂಗೆ ಅನ್ಲಿ ಅದುನ್ನ?"

ದೊಡ್ಡಮ್ಮ ಅವಳ ಕೈಯನ್ನು ತಿರುಗಿಸಿ ನೋಡಿದಳು. ನಿನ್ನೊಳಗೆ ಇನ್ನು ಏನೂ ಉಳಿದಿಲ್ಲ, ನಾಳೆ ನಿನ್ನಲ್ಲಿ ಸಿಗದಿದ್ದರೆ ಅದು ಯಾರ ಕಡೆ ನೋಡುತ್ತದೆಂದು ನಿನಗೇ ಗೊತ್ತಿದೆ ಅಂದಳು. ಆ ಹುಡುಗಿ ಅಪ್ಪನ ಮುಂದೆ ಬಾಯಿ ತೆರೆದು ನೀನು ಆಡಿದ ಮಾತನ್ನೇ ಆಡಿದರೆ ಮುಗಿಯಿತು, ನೀನು ಹೋಗು ಅಂದರೂ ಅವನು ಅವಳಿಗಾಗಿ ಬರುತ್ತಾನೆ ಅಂದಳು. ಆಮೇಲೆ ದಾರ ಕೈಗೆತ್ತಿಕೊಂಡು ಬಿಟ್ಟಲ್ಲಿಂದ ಹೂ ಕಟ್ಟತೊಡಗಿದಳು.

ಮಾರನೆಯ ಸಂಜೆ ಸ್ವಪ್ನಾಳನ್ನು ಬೇಗನೇ ಗುಡಿಗೆ ಕಳಿಸಿದರು. ದೊಡ್ಡಮ್ಮನೂ ಜೊತೆಗೆ ಹೋದಳು, ಹುಡುಗಿಯನ್ನು ಕಣ್ಣಳತೆಯಲ್ಲಿಟ್ಟುಕೊಳ್ಳಲಿಕ್ಕೆ. ಶಾಂತಕುಮಾರಿ ಒಬ್ಬಳೇ ಕೂತು 'ಹೋಗ್ರಿ, ಹೋಗ್ರಿ' ಎಂದು ಗೋಡೆಯ ಮುಂದೆ ಹೇಳಿ ನೋಡಿಕೊಂಡಳು. ಮತ್ತೆ ಮತ್ತೆ ಹೇಳಿದಳು. ಗೋಡೆಗೆ ಹೇಳುವುದೇನು ಕಷ್ಟ?

ಕಲ್ಲೇಶ ಬಂದ. ನಿನ್ನೆಗಿಂತ ಹೆಚ್ಚು ಕುಂಟುತ್ತಿದ್ದ. ಅವಳ ಬೆರಳು ಹಿಡಿದು ಬಾಯಿಗಿಟ್ಟುಕೊಂಡ, ಕಾದ, ಏನೂ ಬರಲಿಲ್ಲ. ಬೆರಳನ್ನು ಅವಳ ಮಡಿಲಿಗೆ ಮೆಲ್ಲಗೆ ವಾಪಸ್ಸು ಇಟ್ಟ. ಹೊಸ್ತಿಲಿಗೆ ಹೋಗಿ ತಿರುಗಿದ.

"ಬರ್ಲ್ಯಾ?"

ಅವಳು ಬಾಯಿ ತೆರೆದಳು. ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಬಾಗಿಲ ಚೌಕಟ್ಟಿನಲ್ಲಿ ನಿಂತ ಆ ಮುಖ ಕಂಡರೆ ಅವಳ ನಾಲಿಗೆಗೆ ಗೊತ್ತಿದ್ದದ್ದು ಒಂದೇ ಮಾತು. ಅದನ್ನು ಹಿಡಿದು ನಿಲ್ಲಿಸಿದಳು. ಇನ್ನೊಂದು ಮಾತು ಬರಲಿಲ್ಲ.

ಅಷ್ಟು ಹೊತ್ತಿಗೆ ಓಣಿಯಿಂದ ಸ್ವಪ್ನಾ ಓಡಿ ಬಂದಳು. ದೊಡ್ಡಮ್ಮ ಕಟ್ಟಿಟ್ಟ ಹೂವಿನ ಬುಟ್ಟಿ ಮನೆಯಲ್ಲೇ ಉಳಿದಿತ್ತು, ಅಲ್ಲಿ ಮಂಗಳಾರತಿಗೆ ಹೊತ್ತಾಗುತ್ತಿತ್ತು. ಮುದುಕಿ ಬೇಡ ಬೇಡ ಎಂದು ಕೂಗುತ್ತಿದ್ದರೂ ಹುಡುಗಿ ಆಗಲೇ ಅರ್ಧ ದಾರಿ ಓಡಿಯಾಗಿತ್ತು. ಮೆಟ್ಟಿಲು ಹತ್ತಿದವಳು ಬಾಗಿಲಲ್ಲಿ ಬೆನ್ನು ಕಂಡು ನಿಂತಳು. ಬೆನ್ನು ತಿರುಗಿತು.

"ಅಪ್ಪಾ," ಅಂದಳು.

ಹೆದರಲಿಲ್ಲ. ಹೆದರುವುದಾದರೂ ಯಾಕೆ, ಅಪ್ಪನಲ್ಲವೇ. ಅವಳ ಕಣ್ಣಿಂದ ನೀರು ದಳದಳ ಇಳಿಯತೊಡಗಿತು. ಕಲ್ಲೇಶ ಅವಳ ಮುಖ ನೋಡಿದ, ಆಮೇಲೆ ಅವಳ ಕೈ ನೋಡಿದ. ಆ ಎರಡನೆಯ ನೋಟ ಅವನದಾಗಿರಲಿಲ್ಲ.

"ಬರ್ಲೇನವ್ವಾ?" ಅಂದ.

ಸ್ವಪ್ನಾ ಒಳ್ಳೆಯ ಸಂಸ್ಕಾರದ ಹುಡುಗಿ. ಹೋಗುವವರಿಗೆ ಏನು ಹೇಳಬೇಕೆಂದು ತೊದಲು ಮಾತಿನ ಕಾಲಕ್ಕೇ ತಾಯಿ ಕಲಿಸಿದ್ದಳು.

"ಹೋ..."

ಶಾಂತಕುಮಾರಿ ಹೇಗೆ ಹೊಸ್ತಿಲು ದಾಟಿದಳೋ ಅವಳಿಗೇ ತಿಳಿಯದು. ಅವಳ ಅಂಗೈ ಮಗಳ ಬಾಯಿ ಮುಚ್ಚಿತು. ಅಂದು ಶಂಕ್ರಮ್ಮನ ಕೈ ತಡವಾಗಿತ್ತು, ಈ ಕೈ ತಡವಾಗಲಿಲ್ಲ. ಮಗಳನ್ನು ಎದೆಗೆ ಅವುಚಿ ಹಿಡಿದು ಗಂಡನ ಮುಖ ನೋಡಿದಳು.

"ಹೋಗ್ರಿ," ಅಂದಳು. "ಇನ್ನ ಬರಬ್ಯಾಡ್ರಿ. ಹೋಗ್ರಿ."

ಬಿರುಗಾಳಿ ಏಳುತ್ತದೆ, ಅವನು ಮೈಮೇಲೆ ಬೀಳುತ್ತಾನೆ, ಏನೋ ಆಗುತ್ತದೆ ಎಂದು ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಏನೂ ಆಗಲಿಲ್ಲ. ಕಣ್ಣು ತೆರೆದಾಗ ಕಲ್ಲೇಶನ ಎರಡೂ ಹೆಗಲು ಕೆಳಗಿಳಿದಿದ್ದವು, ಮೂಟೆ ಹೊತ್ತವನು ಇಳಿಸಿ ನಿಂತ ಮೇಲೆ ಇಳಿಯುವ ಹಾಗೆ. ಮುಖ ಅವನದೇ ಆಗಿತ್ತು.

"ಸಾಕಾಗಿತ್ತು ಶಾಂತಾ," ಅಂದ. "ಇವತ್ತು ಹೋಗ್ರಿ ಅಂತಿ, ನಾಳಿ ಅಂತಿ ಅಂತ ದಿನಾ ಬಾಗಲ್ದಾಗ ನಿಂದರ್ತಿದ್ದೆ."

ಮಗಳ ತಲೆ ಸವರಲು ಬಲಗೈ ಎತ್ತಿ, ಬೇಡವೆಂದು ಹಾಗೇ ಇಳಿಸಿದ. ಮೆಟ್ಟಿಲು ಇಳಿದು ಓಣಿ ಹಿಡಿದು ಹೋದ. ಬರ್ತೀನಿ ಅನ್ನದೆ ಅವನು ಮನೆಯಿಂದ ಹೋದದ್ದು ಅದೇ ಮೊದಲು.

ಅವನ ಹಿಂದೆ ಓಡಲು ಸ್ವಪ್ನಾ ಕೊಸರಾಡಿದಳು. ತಾಯಿ ಬಿಡದಿದ್ದಾಗ ಬಾಯಿಗೆ ಅಡ್ಡವಿದ್ದ ಅಂಗೈಯನ್ನು ಗಟ್ಟಿಯಾಗಿ ಕಚ್ಚಿದಳು. ಶಾಂತಕುಮಾರಿಗೆ ನೋವಾಯಿತು. ಎಷ್ಟು ದಿನದ ಮೇಲೆ! ಅಂಗೈಯಲ್ಲಿ ಹಲ್ಲಿನ ನೋವು, ಅದರ ಹಿಂದೆಯೇ ಹೆಬ್ಬೆರಳಲ್ಲಿ ಯೂನಿಟ್ಟಿನ ಸೂಜಿಯ ನೋವು, ತೋರುಬೆರಳಲ್ಲಿ ಎಲ್ಲಾ ಸಂಜೆಗಳ ನೋವು. ಜೋಮು ಬಿಡುವಾಗ ಇರುವೆ ಹರಿದಂತಾಗುತ್ತದಲ್ಲ, ಹಾಗೆ ಕೈಯಿಂದ ಭುಜಕ್ಕೆ, ಭುಜದಿಂದ ಎದೆಗೆ ಏರಿ ಬಂತು. ಕಚ್ಚಿದ ಜಾಗದಿಂದ ಒಂದು ಹನಿ ರಕ್ತ ಮೆಟ್ಟಿಲ ಕೆಳಗಿನ ಮಣ್ಣಿಗೆ ಬಿತ್ತು. ಮಣ್ಣು ಅದನ್ನು ಹೀರಿಕೊಂಡಿತು. ಅಲ್ಲಿಂದ ಏನೂ ಎದ್ದು ಬರಲಿಲ್ಲ.

ದಿನಾ ನಿಲ್ಲುತ್ತಿದ್ದದ್ದು ಅದಕ್ಕೆ. ಹೋಗಿ ಬರ್ರಿ ಅಂದಾಗ ತಲೆ ತಗ್ಗಿಸುತ್ತಿದ್ದದ್ದು ಅದಕ್ಕೆ. ರಾಯದುರ್ಗದಿಂದ ಇಲ್ಲಿಯ ತನಕ ಒಡೆದ ಹಿಮ್ಮಡಿಯಲ್ಲಿ ಅವನನ್ನು ನಡೆಸಿದೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಮೆಟ್ಟಿಲ ಮೇಲೆ ಕುಸಿದು ಕೂತಳು. ಕಲ್ಲೇಶ ಸತ್ತಿದ್ದಾನೆ ಎನ್ನುವುದು ಅವಳಿಗೆ ಆ ಸಂಜೆ ಗೊತ್ತಾಯಿತು. ಹೆಣ ಎತ್ತುವಾಗ ಅಳಬೇಕಾದದ್ದನ್ನು ಬಾಯಿಬಿಟ್ಟು ಅತ್ತಳು, ಎದೆ ಬಡಿದುಕೊಂಡು ಅತ್ತಳು. ಸ್ವಪ್ನಾ ಮೊದಲು ತಾಯಿಯ ಬೆನ್ನಿಗೆ ಗುದ್ದಿದಳು, ಆಮೇಲೆ ಅದೇ ಬೆನ್ನನ್ನು ತಬ್ಬಿಕೊಂಡಳು. ಏದುಸಿರು ಬಿಡುತ್ತ ಬಂದ ದೊಡ್ಡಮ್ಮ ಇಬ್ಬರನ್ನೂ ನೋಡಿದಳು, ಒಳಗೆ ಹೋಗಿ ದೀಪ ಹಚ್ಚಿದಳು.

ಫೋನು ಬಂತು. ರಾಯದುರ್ಗದಿಂದ ಶಂಕ್ರಮ್ಮ. ಅಲ್ಲೂ ಬಾಗಿಲು ತೆರೆದಿಟ್ಟು ಕೂತಿದ್ದಳೆಂದು ಕಾಣುತ್ತದೆ, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು.

"ಇವತ್ತು ಬಂದಿದ್ನೇನವ್ವ ಅಲ್ಲಿಗೆ?"

"ಬಂದಿದ್ರು ಅತ್ತಿ. ಹೋದ್ರು."

ಬರೀ ಹೋದರು ಅನ್ನುವ ಮಾತನ್ನು ಸೊಸೆಯ ಬಾಯಿಂದ ಶಂಕ್ರಮ್ಮ ಎಂದೂ ಕೇಳಿರಲಿಲ್ಲ. ಅವಳಿಗೆ ಅರ್ಥವಾಯಿತು. ಆಮೇಲೆ ಮುದುಕಿ ಕೇಳಿದಳು.

"ಉಂಡು ಹೋದ್ನೇನು?"

"ಇಲ್ಲತ್ತಿ," ಅಂದಳು ಶಾಂತಕುಮಾರಿ. "ಹಸಕೊಂಡು ಹೋದ್ರು."

ಅತ್ತ ಕಡೆ ಶಂಕ್ರಮ್ಮ ಬಿಕ್ಕುವುದು ಕೇಳಿಸಿತು. ಇಬ್ಬರೂ ಫೋನು ಇಡಲಿಲ್ಲ.